ನಾಟಕ ನಿರ್ದೇಶನಾನೇ ವೃತ್ತಿ ಮಾಡ್ಕೋಬೇಕು ಅನ್ನೋರು ಯಾವ ಡಿಗ್ರಿ ತಗೋಬೇಕು?

ನಾಟಕ ನಿರ್ದೇಶನ ಮಾಡ್ಬೇಕು ಅಂತ ಆಸೆ ಇಟ್ಕೊಂಡು ಕಾಲೇಜ್ ಸೇರೋಕೆ ಹೊರಟಿರೋ ಹುಡುಗ ಹುಡುಗೀರು ತುಂಬಾ ಜನ ಕೇಳೋದು ಒಂದೇ ಪ್ರಶ್ನೆ, ಯಾವ ಡಿಗ್ರಿ ಒಳ್ಳೇದು ಅಂತ. ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ವಿವರವಾಗಿ ಹೇಳ್ತೀನಿ. ಡಿಗ್ರಿ ಹೆಸರಿಗಿಂತ ಮುಂಚೆ ನೋಡ್ಬೇಕಾದ್ದು, ಆ ಕಾಲೇಜಲ್ಲಿ ಇರೋ ಮೂರು ನಾಲ್ಕು ವರ್ಷದಲ್ಲಿ ನಿಮ್ಮ ಕೈಗೆ ಎಷ್ಟು ಸಲ ನಟರು ಸಿಗ್ತಾರೆ, ತಾಲೀಮಿಗೆ ಜಾಗ ಸಿಗತ್ತೆ, ಮಾಡಿದ್ದನ್ನ ಜನರ ಮುಂದೆ ಇಡೋಕೆ ಅವಕಾಶ ಸಿಗತ್ತೆ, ಮತ್ತೆ ಅದನ್ನ ನೋಡಿದ್ಮೇಲೆ ಕೂತು ಸರಿಯಾಗಿ ಮಾತಾಡೋರು ಯಾರಿದ್ದಾರೆ ಅನ್ನೋದು.

ಯಾಕಂದ್ರೆ ಈ ಕೆಲಸ ಒಬ್ಬರೇ ಕೂತು ಕಲಿಯೋಕೆ ಆಗಲ್ಲ. ಬರೆಯೋರು ಮನೇಲಿ ಕೂತು ಬರೀಬಹುದು, ಹಾಡೋರು ಬೆಳಗ್ಗೆ ಎದ್ದು ಅಭ್ಯಾಸ ಮಾಡ್ಬಹುದು, ನಟರು ಕೂಡ ಧ್ವನಿ, ದೇಹ ಅಂತ ಒಂದಷ್ಟು ತಾವೇ ಮಾಡ್ಕೋತಾರೆ, ಆದ್ರೆ ನಿರ್ದೇಶಕರಿಗೆ ಇನ್ನೊಬ್ಬರು ಬಂದು ಎದುರಿಗೆ ನಿಂತ್ಕೊಂಡ್ರೇನೇ ಕೆಲಸ ಶುರು. ಕಾಲೇಜಿಂದ ಹೊರಗೆ ಬಂದ್ಮೇಲೆ ಹತ್ತು ಜನ ನಟರನ್ನ ಒಂದೂವರೆ ತಿಂಗಳು ಒಂದು ಕಡೆ ಸೇರಿಸೋದು ಎಷ್ಟು ಕಷ್ಟ ಅಂತ ತಂಡ ಕಟ್ಟಿದ ಯಾರನ್ನ ಬೇಕಾದ್ರೂ ಕೇಳಿ, ಒಬ್ಬರಿಗೆ ಆಫೀಸು, ಒಬ್ಬರಿಗೆ ಶೂಟಿಂಗು, ಇನ್ನೊಬ್ಬರಿಗೆ ಪರೀಕ್ಷೆ. ಕಾಲೇಜಲ್ಲಿ ಮಾತ್ರ ನಿಮ್ಮಷ್ಟೇ ಹಸಿವಿರೋ ಜನ, ರೂಮು, ನಾಲ್ಕು ಲೈಟು, ನೋಡೋಕೆ ಪ್ರೇಕ್ಷಕರು ಎಲ್ಲಾ ಒಂದೇ ಕಡೆ ಸಿಗತ್ತೆ, ನಾಟಕ ಬಿದ್ದೋದ್ರೂ ಯಾರ ಸಂಬಳಕ್ಕೂ ಕುತ್ತು ಬರಲ್ಲ. ಈ ಸೌಲಭ್ಯಕ್ಕೋಸ್ಕರ ನೀವು ಕಾಲೇಜಿಗೆ ಹೋಗ್ತಿರೋದು, ಅದು ನೆನಪಲ್ಲಿದ್ರೆ ಆಯ್ಕೆ ಅರ್ಧ ಸುಲಭ ಆಗತ್ತೆ.

ಇನ್ನೊಂದು ವಿಷಯ ಗೊತ್ತಿರಲಿ, ನಿರ್ದೇಶಕ ಅನ್ನೋ ಪ್ರತ್ಯೇಕ ಹುದ್ದೆನೇ ರಂಗಭೂಮಿಯಲ್ಲಿ ತೀರಾ ಹಳೇದಲ್ಲ. ಮೊದ್ಲೆಲ್ಲ ಮುಖ್ಯ ನಟನೋ, ಕಂಪನಿ ಮಾಲೀಕನೋ, ನಾಟಕ ಬರೆದವನೋ ಎಲ್ಲಾ ನೋಡ್ಕೋತಿದ್ರು. ಜರ್ಮನಿಯ ಸಾಕ್ಸ್ ಮೈನಿಂಗನ್ ಅನ್ನೋ ಪುಟ್ಟ ಸಂಸ್ಥಾನದ ಡ್ಯೂಕ್ ಎರಡನೇ ಜಾರ್ಜ್ ತನ್ನ ತಂಡ ಕಟ್ಕೊಂಡು 1874ರಿಂದ 1890ರವರೆಗೆ ಯೂರೋಪಲ್ಲೆಲ್ಲ ತಿರುಗಾಡಿದಾಗ, ಇಡೀ ರಂಗದ ಮೇಲಿನ ಜನಜಂಗುಳಿ, ಬಟ್ಟೆ, ಸೆಟ್ಟು ಎಲ್ಲಾ ಒಂದೇ ಮನಸ್ಸಿಂದ ಬಂದ ಹಾಗೆ ಕಾಣ್ತಿತ್ತು, ಅಲ್ಲಿಂದ ಈಚೆಗೆ ಈ ಕೆಲಸಕ್ಕೆ ಒಂದು ಗುರುತು ಬಂತು ಅಂತ ಹೇಳೋದು ವಾಡಿಕೆ. ಯೂನಿವರ್ಸಿಟಿಗಳಂತೂ ಇನ್ನೂ ಲೇಟಾಗಿ ಬಂದ್ವು, ಅಮೆರಿಕದಲ್ಲಿ ನಾಟಕಕ್ಕೆ ಅಂತ ಡಿಗ್ರಿ ಕೊಡೋಕೆ ಶುರುವಾಗಿದ್ದು 1914ರಲ್ಲಿ, ಈಗ ಕಾರ್ನೆಗಿ ಮೆಲನ್ ಅಂತ ಕರೆಯೋ ಸಂಸ್ಥೆಯಲ್ಲಿ, ಬ್ರಿಟನ್ನಲ್ಲಿ ಮೊದಲ ನಾಟಕ ವಿಭಾಗ ಬ್ರಿಸ್ಟಲ್ ಯೂನಿವರ್ಸಿಟಿಯಲ್ಲಿ 1947ರಲ್ಲಿ. ಹಾಗಾಗಿ ಡಾಕ್ಟರು ಲಾಯರುಗಳಿಗೆ ಇರೋ ಹಾಗೆ ಈ ಡಿಗ್ರಿ ಇದ್ರೆ ಮಾತ್ರ ಒಳಗೆ ಬಿಡ್ತೀವಿ ಅನ್ನೋ ಬಾಗಿಲು ಇಲ್ಲಿಲ್ಲ. ತಾಲೀಮಿನ ರೂಮಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳಲ್ಲ. ಕಾಲೇಜಲ್ಲಿ ಪಾಠ ಮಾಡೋ ಕೆಲಸಕ್ಕೆ ಮಾತ್ರ ಕೇಳ್ತಾರೆ, ಅದನ್ನ ಆಮೇಲೆ ಹೇಳ್ತೀನಿ.

ದೊಡ್ಡ ದೊಡ್ಡ ನಿರ್ದೇಶಕರು ಏನೇನು ಓದಿದ್ರು ಅಂತ ಒಂದ್ಸಲ ನೋಡಿ. ಜರ್ಮನಿಯ ಬ್ರೆಕ್ಟ್ 1917ರಲ್ಲಿ ಮ್ಯೂನಿಕ್‌ನಲ್ಲಿ ಸೇರಿದ್ದು ಮೆಡಿಕಲ್ಲಿಗೆ. ಬ್ರೆಜಿಲ್ಲಿನ ಆಗಸ್ಟೋ ಬೋಆಲ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗು. ಅಮೆರಿಕದ ರಾಬರ್ಟ್ ವಿಲ್ಸನ್ ಮೊದಲು ಬಿಸಿನೆಸ್ ಓದೋಕೆ ಸೇರಿ ಅದನ್ನ ಬಿಟ್ಟು ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಆರ್ಕಿಟೆಕ್ಚರ್ ಮಾಡಿದ್ರು, ಅವರ ನಾಟಕಗಳಲ್ಲಿ ಬೆಳಕು ಮತ್ತೆ ಜಾಗ ಮಾತಿಗಿಂತ ಮುಂದೆ ನಿಲ್ಲೋದಕ್ಕೂ ಈ ಓದಿಗೂ ಸಂಬಂಧ ಇಲ್ಲ ಅಂತ ಹೇಳೋಕಾಗಲ್ಲ. ಜಪಾನಿನ ತದಾಶಿ ಸುಜುಕಿ ವಸೇಡಾ ಯೂನಿವರ್ಸಿಟಿಯಲ್ಲಿ ರಾಜ್ಯಶಾಸ್ತ್ರ. ಇದನ್ನಷ್ಟೇ ಓದಿ ಹಾಗಾದ್ರೆ ಏನ್ ಬೇಕಾದ್ರೂ ಓದ್ಬಹುದು ಅಂತ ಅಂದ್ಕೋಬೇಡಿ, ಇನ್ನೊಂದು ಕಡೆನೂ ಇದೆ. ಗ್ರೊಟೊವ್‌ಸ್ಕಿ ಪೋಲೆಂಡಿನ ಕ್ರಾಕೋವ್ ನಾಟಕ ಶಾಲೆಯಲ್ಲಿ ಮೊದಲು ನಟನೆ ಕಲಿತು 1955ರಲ್ಲಿ ಮುಗಿಸಿ, ಮಾಸ್ಕೋದ ಗೀಟಿಸ್ ಅನ್ನೋ ನಾಟಕ ಶಾಲೆಗೆ ಹೋಗಿ ನಿರ್ದೇಶನ ಕಲಿತ್ರು. ಥಾಮಸ್ ಓಸ್ಟರ್‌ಮಾಯರ್ ಬರ್ಲಿನ್ನಿನ ಅರ್ನ್ಸ್ಟ್ ಬುಷ್ ಶಾಲೆಯಲ್ಲಿ ನಿರ್ದೇಶನಾನೇ ಓದಿದ್ರು. ನಮ್ಮ ಬಿ.ವಿ. ಕಾರಂತರು ಎರಡೂ ಮಾಡಿದ್ರು, ಬನಾರಸ್‌ನಲ್ಲಿ ಹಿಂದಿ ಎಂಎ, ಆಮೇಲೆ ದೆಹಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾ (ಎನ್‌ಎಸ್‌ಡಿ), ಅದಕ್ಕೂ ಮುಂಚೆ ಚಿಕ್ಕ ವಯಸ್ಸಲ್ಲೇ ಗುಬ್ಬಿ ಕಂಪನಿ.

ಈ ಎಲ್ಲರ ಕಥೆಯಲ್ಲೂ ನನಗೆ ಮುಖ್ಯ ಅನ್ಸೋದು ಅವರು ಓದಿದ ವಿಷಯ ಅಲ್ಲ, ಓದೋವಾಗ ಯಾರ ಜೊತೆ ಇದ್ರು ಅನ್ನೋದು. ಸುಜುಕಿ ವಸೇಡಾದಲ್ಲಿ ವಿದ್ಯಾರ್ಥಿಗಳ ನಾಟಕ ತಂಡದಲ್ಲಿದ್ರು, ಮುಂದೆ ಅಲ್ಲಿನ ಗೆಳೆಯರ ಜೊತೆನೇ ವೃತ್ತಿ ತಂಡ ಕಟ್ಟಿದ್ರು. ಫ್ರಾನ್ಸಿನ ಅರಿಯಾನ್ ಮ್ನುಷ್ಕಿನ್ ಪ್ಯಾರಿಸ್‌ನಲ್ಲಿ ಸೈಕಾಲಜಿ ಓದ್ತಾ ಇದ್ದಾಗ 1959ರಲ್ಲಿ ವಿದ್ಯಾರ್ಥಿಗಳ ರಂಗಸಂಘ ಶುರು ಮಾಡಿ, ಐದು ವರ್ಷ ಆದ್ಮೇಲೆ 1964ರಲ್ಲಿ ಅದೇ ಬಳಗದಿಂದ ಥಿಯೇಟರ್ ದು ಸೊಲೇಯ್ ಅನ್ನೋ ನಾಟಕ ತಂಡ ಹುಟ್ಟಿತು. ಐರ್ಲೆಂಡಿನ ಗ್ಯಾರಿ ಹೈನ್ಸ್ ಗಾಲ್ವೇಯಲ್ಲಿ ಕಾಲೇಜಿನ ಡ್ರಾಮಾ ಸೊಸೈಟಿಯಲ್ಲಿ ನಾಟಕ ಮಾಡಿಸ್ತಾ ಇದ್ದೋರು, ಅಲ್ಲಿ ಸಿಕ್ಕವರ ಜೊತೆ 1975ರಲ್ಲಿ ಡ್ರೂಯಿಡ್ ಕಂಪನಿ ಶುರು ಮಾಡಿದ್ರು, 1998ರಲ್ಲಿ ನಾಟಕ ನಿರ್ದೇಶನಕ್ಕೆ ಅಮೆರಿಕದ ದೊಡ್ಡ ರಂಗಪ್ರಶಸ್ತಿ ಟೋನಿ ತಗೊಂಡ ಮೊದಲ ಮಹಿಳೆ ಅವರೇ. ನೋಡಿ, ಪಕ್ಕದ ಬೆಂಚಲ್ಲಿ ಕೂತಿರೋ ನಟಿ, ಲೈಟ್ ಮಾಡೋ ಹುಡುಗ, ಬರೆಯೋ ಗೆಳತಿ, ಇವರೇ ಮುಂದಿನ ಇಪ್ಪತ್ತು ವರ್ಷ ನಿಮ್ಮ ಜೊತೆ ಇರೋ ಸಾಧ್ಯತೆ ಇದೆ, ಹಾಗಾಗಿ ಅಂಥ ಜನ ಇರೋ ಜಾಗ ಹುಡುಕಿ ಅಂತ ನಾನು ಒತ್ತಿ ಹೇಳೋದು.

ಸರಿ, ಈಗ ದಾರಿಗಳ ವಿಷಯ. ಮೊದಲನೇದು ಬಿಎ ಥಿಯೇಟರ್ ಅಥವಾ ನಾಟಕಶಾಸ್ತ್ರ ಇಟ್ಕೊಂಡು ಮಾಡೋ ಸಾಮಾನ್ಯ ಡಿಗ್ರಿ, ಇದರಲ್ಲಿ ರಂಗಭೂಮಿ ಇತಿಹಾಸ, ನಾಟಕ ಓದೋದು, ಸ್ವಲ್ಪ ನಟನೆ, ಸ್ವಲ್ಪ ವಿನ್ಯಾಸ, ಜೊತೆಗೆ ಬೇರೆ ವಿಷಯಗಳೂ ಇರ್ತಾವೆ. ಎರಡನೇದು ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಥವಾ ಕನ್ಸರ್ವೇಟರಿ ಥರದ ತರಬೇತಿ, ಇಲ್ಲಿ ದಿನದ ಬಹುಪಾಲು ಪ್ರಾಕ್ಟಿಕಲ್ಲು, ಬೇರೆ ಓದಿಗೆ ಟೈಮ್ ಕಡಿಮೆ. ಇಲ್ಲೊಂದು ವಿಷಯ ಗಮನಿಸಿ, ಎಷ್ಟೋ ಕಡೆ ಡಿಗ್ರಿ ಮಟ್ಟದಲ್ಲಿ ನಿರ್ದೇಶನ ಅನ್ನೋ ಪ್ರತ್ಯೇಕ ಕೋರ್ಸೇ ಇರಲ್ಲ, ನಟನೆ ಇರತ್ತೆ, ವಿನ್ಯಾಸ ಇರತ್ತೆ, ನಿರ್ದೇಶನ ಮೂರನೇ ವರ್ಷಕ್ಕೆ ಒಂದು ಐಚ್ಛಿಕ ಪೇಪರಾಗಿ ಬರತ್ತೆ. ಇದನ್ನ ನೋಡಿ ಬೇಜಾರು ಮಾಡ್ಕೊಂಡು ಆ ಕಾಲೇಜ್ ಬೇಡ ಅನ್ಬೇಡಿ, ಮೊದಲು ನಟನೆ, ಪಠ್ಯ, ವಿನ್ಯಾಸ ಕಲೀಲಿ ಆಮೇಲೆ ಬೇರೆಯವರಿಗೆ ಹೇಳೋಕೆ ಬರಲಿ ಅನ್ನೋ ಲೆಕ್ಕಾಚಾರ ಅದರ ಹಿಂದಿದೆ, ಅದು ತಪ್ಪಲ್ಲ. ರಷ್ಯಾದ ಪದ್ಧತಿ ಇದಕ್ಕೆ ಉಲ್ಟಾ, 1878ರಲ್ಲಿ ಶುರುವಾದ ಗೀಟಿಸ್‌ನಲ್ಲಿ ನಿರ್ದೇಶನಕ್ಕೆ ಅಂತಲೇ ವಿಭಾಗ ಇದೆ, ಒಬ್ಬ ಮಾಸ್ಟರ್ ಕೈಕೆಳಗೆ ನಟರೂ ನಿರ್ದೇಶಕರೂ ಒಂದೇ ವರ್ಕ್‌ಶಾಪಲ್ಲಿ ವರ್ಷಗಟ್ಟಲೆ ಬೆಳೀತಾರೆ. ಅಲ್ಲಿ ಮಾಸ್ಟರ್ ಯಾರು ಅನ್ನೋದರ ಮೇಲೆ ಎಲ್ಲಾ ನಿಂತಿರತ್ತೆ, ಕಾಲೇಜ್ ಹೆಸರು ಅದರ ನಂತರ.

ಮೂರನೇ ದಾರಿ ಬೇರೆ ಯಾವುದಾದ್ರೂ ವಿಷಯದಲ್ಲಿ ಡಿಗ್ರಿ ಮಾಡ್ತಾ ಕಾಲೇಜಿನ ನಾಟಕ ತಂಡದಲ್ಲಿ ಗಟ್ಟಿಯಾಗಿ ಕೆಲಸ ಮಾಡೋದು, ಆಮೇಲೆ ನಿರ್ದೇಶನಕ್ಕೆ ಅಂತ ಸ್ನಾತಕೋತ್ತರ ತರಬೇತಿಗೆ ಹೋಗೋದು. ಇದು ಎರಡನೇ ದರ್ಜೆ ದಾರಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಎನ್‌ಎಸ್‌ಡಿಯ ಮೂರು ವರ್ಷದ ಕೋರ್ಸಿಗೆ ಬೇಕಾಗಿರೋದು ಯಾವುದೇ ವಿಷಯದ ಡಿಗ್ರಿ ಮತ್ತೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ. ಅಮೆರಿಕದಲ್ಲಿ ಯೇಲ್, ಕೊಲಂಬಿಯಾ ಅಂಥ ಕಡೆ ನಿರ್ದೇಶನದ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಮೂರು ವರ್ಷದ್ದು, ಅಲ್ಲೂ ಬೇರೆ ಬೇರೆ ವಿಷಯ ಓದ್ಕೊಂಡು ಬಂದವರು ಇರ್ತಾರೆ. ಅಲ್ಲಿ ಸೀಟು ಬೆರಳೆಣಿಕೆಯಷ್ಟೇ, ಹಾಗಾಗಿ ಡಿಗ್ರಿ ಮುಗಿದ ತಕ್ಷಣ ಹೋಗೋದಕ್ಕಿಂತ ಒಂದೆರಡು ವರ್ಷ ಹೊರಗೆ ನಾಟಕ ಮಾಡಿಸಿ ಹೋದ್ರೆ ಒಳ್ಳೇದು, ಅವರು ನೋಡೋದೂ ನಿಮಗೆ ಹೇಳೋಕೆ ಏನಿದೆ ಅನ್ನೋದನ್ನೇ.

ಬೇರೆ ವಿಷಯ ತಗೊಳ್ಳೋದಾದ್ರೆ ಯಾವುದು? ಪರೀಕ್ಷೆ ಇಲ್ದೇ ಇದ್ರೂ ನೀವು ಓದ್ತಾ ಇದ್ರಿ ಅನ್ನೋ ವಿಷಯ ತಗೊಳ್ಳಿ. ಸಾಹಿತ್ಯ ತಗೊಂಡ್ರೆ ಪಠ್ಯದ ಒಳಗೆ ಇಳಿಯೋ ಅಭ್ಯಾಸ ಆಗತ್ತೆ, ಒಂದು ವಾಕ್ಯ ಯಾಕೆ ಅಲ್ಲೇ ಇದೆ ಅಂತ ಕೇಳೋದು ಬರತ್ತೆ, ಇತಿಹಾಸ ತಗೊಂಡ್ರೆ ಒಂದು ಕಾಲದ ಜನ ಯಾಕೆ ಹಾಗೆ ಬದುಕಿದ್ರು ಅಂತ ಹುಡುಕೋ ದಾರಿ ಗೊತ್ತಾಗತ್ತೆ, ಸಂಗೀತ ಗೊತ್ತಿದ್ರೆ ನಾಟಕದ ಲಯ ಕಿವಿಗೇ ಗೊತ್ತಾಗಿಬಿಡತ್ತೆ, ಯಾವ ದೃಶ್ಯ ಎಳೀತಿದೆ ಅಂತ ಯಾರೂ ಹೇಳೋದೇ ಬೇಡ. ಮಾನವಶಾಸ್ತ್ರ, ಜಾನಪದ ಕೂಡ ಒಳ್ಳೇ ಆಯ್ಕೆ, ಅಮೆರಿಕದ ನಿರ್ದೇಶಕಿ ಜೂಲಿ ಟೇಮರ್ ಓಬರ್ಲಿನ್ ಕಾಲೇಜಲ್ಲಿ ಓದಿದ್ದು ಪುರಾಣ ಮತ್ತೆ ಜಾನಪದಾನೇ, ಅವರ ಬೊಂಬೆ ಮುಖವಾಡಗಳ ಕೆಲಸ ನೋಡಿದವರಿಗೆ ಅದು ಎಲ್ಲಿಂದ ಬಂತು ಅಂತ ಬೇರೆ ಹೇಳ್ಬೇಕಾಗಿಲ್ಲ. ಒಂದೇ ಒಂದು ಷರತ್ತು, ಆ ಕಾಲೇಜಲ್ಲಿ ಜೀವಂತವಾಗಿರೋ ನಾಟಕ ತಂಡ ಇರ್ಬೇಕು, ವರ್ಷಕ್ಕೊಂದು ವಾರ್ಷಿಕೋತ್ಸವದ ಸ್ಕಿಟ್ ಮಾಡೋ ತಂಡ ಅಲ್ಲ. ಅದಿಲ್ಲ ಅಂದ್ರೆ ಈ ದಾರಿ ಬೇಡ.

ಈಗ ಕಾಲೇಜನ್ನ ಹೇಗೆ ಪರೀಕ್ಷೆ ಮಾಡೋದು ಅಂತ. ವೆಬ್‌ಸೈಟಲ್ಲಿ ಇರೋ ಫೋಟೋ, ಆಡಿಟೋರಿಯಂ ಸೀಟು ಎಷ್ಟು, ಯಾವ ಸ್ಟಾರ್ ಅಲ್ಲಿ ಓದಿದ್ರು ಅನ್ನೋದನ್ನೆಲ್ಲ ಪಕ್ಕಕ್ಕಿಡಿ. ಹೋದ ವರ್ಷ ಅಲ್ಲಿ ಆದ ನಾಟಕಗಳ ಪಟ್ಟಿ ಕೇಳಿ ತಗೊಳ್ಳಿ, ಪ್ರತಿಯೊಂದರ ಎದುರಿಗೆ ನಿರ್ದೇಶನ ಯಾರದ್ದು ಅಂತ ನೋಡಿ. ಎಲ್ಲಾ ಮೇಷ್ಟ್ರುಗಳು ಇಲ್ಲಾ ಹೊರಗಿಂದ ಬಂದ ಅತಿಥಿ ನಿರ್ದೇಶಕರೇ ಇದ್ರೆ ಅದು ನಟರನ್ನ ತಯಾರು ಮಾಡೋ ಜಾಗ, ನಿಮಗೆ ಅಲ್ಲಿ ಸಿಗೋದು ಬಹುಶಃ ಕೊನೇ ವರ್ಷದಲ್ಲಿ ಅರ್ಧ ಗಂಟೆಯ ಒಂದು ಪ್ರಯೋಗ. ವಿದ್ಯಾರ್ಥಿಗಳ ಹೆಸರು ತುಂಬಾ ಇದ್ರೆ, ಅದರಲ್ಲೂ ಎರಡನೇ ವರ್ಷದವರ ಹೆಸರು ಇದ್ರೆ, ಮುಂದೆ ಹೋಗಿ ವಿಚಾರಿಸಿ. ನಿರ್ದೇಶನದ ವಿದ್ಯಾರ್ಥಿಗಳಿಗೆ ನಟನೆ ವಿಭಾಗದ ನಟರು ಸಿಗ್ತಾರಾ ಇಲ್ಲಾ ಅವರೇ ಹುಡುಕ್ಕೋಬೇಕಾ, ತಾಲೀಮಿಗೆ ರೂಮು ರಾತ್ರಿ ಎಷ್ಟು ಗಂಟೆವರೆಗೆ ತೆಗೆದಿರತ್ತೆ, ಸೆಟ್ಟಿಗೆ ಪರಿಕರಕ್ಕೆ ದುಡ್ಡು ಯಾರದ್ದು, ಪ್ರದರ್ಶನ ಆದ್ಮೇಲೆ ಚರ್ಚೆ ಆಗತ್ತಾ ಅಥವಾ ಶಾಲು ಹೊದಿಸಿ ಚಪ್ಪಾಳೆ ತಟ್ಟಿ ಕಳಿಸ್ತಾರಾ, ಇಂಥವನ್ನ ಆಫೀಸಲ್ಲಿ ಕೇಳ್ಬೇಡಿ, ಕ್ಯಾಂಟೀನಲ್ಲಿ ಕೂತಿರೋ ಮೂರನೇ ವರ್ಷದ ವಿದ್ಯಾರ್ಥಿಗಳನ್ನ ಕೇಳಿ. ಸಾಧ್ಯ ಆದ್ರೆ ಅಲ್ಲಿನ ವಿದ್ಯಾರ್ಥಿ ಪ್ರಯೋಗ ಒಂದನ್ನ ಹೋಗಿ ನೋಡಿ. ಎಲ್ಲಾ ನಾಟಕಗಳೂ ಒಬ್ಬರೇ ಮೇಷ್ಟ್ರು ಮಾಡಿದ ಹಾಗೆ ಕಂಡ್ರೆ ಎಚ್ಚರ, ಅಲ್ಲಿ ವಿದ್ಯಾರ್ಥಿಯ ಕಣ್ಣು ಬೆಳೀತಾ ಇಲ್ಲ.

ಸಿಲಬಸ್ ಕೂಡ ಓದಿ, ಆದ್ರೆ ಪೇಪರ್ ಹೆಸರುಗಳಿಗೆ ಮರುಳಾಗ್ಬೇಡಿ. ನಾನು ಹುಡುಕೋದು ಇಷ್ಟು: ನಾಟಕದ ಪಠ್ಯ ಬಿಡಿಸಿ ನೋಡೋ ಕ್ಲಾಸು ಒಂದಕ್ಕಿಂತ ಹೆಚ್ಚು ವರ್ಷ ಇದೆಯಾ, ನಿರ್ದೇಶನದವರು ಕಡ್ಡಾಯವಾಗಿ ನಟನೆ ಮಾಡ್ಬೇಕಾ, ಬೆಳಕು ಮತ್ತೆ ರಂಗಸಜ್ಜಿಕೆ ಕೈಯಾರೆ ಮಾಡಿಸ್ತಾರಾ, ಸ್ಟೇಜ್ ಮ್ಯಾನೇಜ್‌ಮೆಂಟ್, ಅಂದ್ರೆ ತಾಲೀಮು ಪ್ರದರ್ಶನ ಎರಡನ್ನೂ ಹಿಂದಿಂದ ನಡೆಸ್ಕೊಂಡು ಹೋಗೋ ಕೆಲಸ, ಇದೆಯಾ. ನಟನೆ ಯಾಕೆ ಅಂದ್ರೆ, ರಂಗದ ಮೇಲೆ ನಿಂತು ಮುಂದೇನು ಮಾಡ್ಬೇಕು ಅಂತ ಗೊತ್ತಾಗ್ದೇ ಕೈ ಎಲ್ಲಿಡೋದು ಅಂತ ಒದ್ದಾಡಿದವರು ಮಾತ್ರ ನಟರ ಜೊತೆ ಸರಿಯಾಗಿ ಮಾತಾಡ್ತಾರೆ.

ಸ್ಟೇಜ್ ಮ್ಯಾನೇಜ್‌ಮೆಂಟ್ ಬಗ್ಗೆ ಇನ್ನೊಂಚೂರು ಹೇಳ್ಬೇಕು, ಯಾಕಂದ್ರೆ ನಿರ್ದೇಶಕರಾಗೋಕೆ ಬಂದವರು ಇದನ್ನ ಕೀಳಾಗಿ ನೋಡೋದು ನನಗೆ ತುಂಬಾ ಬೇಸರ ತರತ್ತೆ. ಸ್ಟೇಜ್ ಮ್ಯಾನೇಜರ್ ಹತ್ರ ಒಂದು ಪ್ರಾಂಪ್ಟ್ ಬುಕ್ ಇರತ್ತೆ, ಒಂದು ಪುಟದಲ್ಲಿ ನಾಟಕದ ಮಾತು, ಎದುರು ಪುಟದಲ್ಲಿ ರಂಗದ ಸಣ್ಣ ನಕ್ಷೆ. ಅಮ್ಮನ ಪಾತ್ರ ಎಡ ವಿಂಗಿಂದ ಬಂದು ಕುರ್ಚಿ ಹಿಂದೆ ನಿಲ್ತಾಳೆ ಅಂತ ಪೆನ್ಸಿಲಲ್ಲಿ ಒಂದು ಬಾಣ, "ನೀನು ಯಾವಾಗ ಬಂದೆ" ಅನ್ನೋ ಮಾತಿನ ಕೊನೇ ಅಕ್ಷರದ ಮೇಲೆ ಒಂದು ಗೆರೆ, ಪಕ್ಕದಲ್ಲಿ ಲೈಟ್ ಕ್ಯೂ 14, ಅಂದ್ರೆ ಲೈಟ್ ಬದಲಿಸೋ ಹದಿನಾಲ್ಕನೇ ಸೂಚನೆ, ಅದಕ್ಕಿಂತ ನಾಲ್ಕು ಸಾಲು ಮೇಲೆ ಸ್ಟ್ಯಾಂಡ್‌ಬೈ, ಅಂದ್ರೆ ತಯಾರಾಗಿರಿ ಅಂತ ಗುರುತು. ಪೆನ್ಸಿಲಲ್ಲೇ ಯಾಕೆ ಅಂದ್ರೆ ನಾಳೆ ತಾಲೀಮಲ್ಲಿ ಅದು ಬದಲಾಗತ್ತೆ. ಈ ಪುಸ್ತಕವನ್ನ ಒಂದು ಇಡೀ ನಾಟಕಕ್ಕೆ, ಮೊದಲ ಓದಿನಿಂದ ಗ್ರ್ಯಾಂಡ್ ರಿಹರ್ಸಲ್‌ವರೆಗೆ ಇಟ್ಟವರಿಗೆ, ನಿರ್ದೇಶಕರು ಯಾವ ತೀರ್ಮಾನ ಯಾವಾಗ ತಗೊಂಡ್ರು, ಯಾವುದನ್ನ ಅಳಿಸಿದ್ರು, ಯಾವುದಕ್ಕೆ ವಾಪಸ್ ಬಂದ್ರು ಅನ್ನೋದೆಲ್ಲ ಕಣ್ಣೆದುರೇ ದಾಖಲಾಗಿರತ್ತೆ, ಯಾವ ಥಿಯರಿ ಕ್ಲಾಸಲ್ಲೂ ಇದು ಸಿಗಲ್ಲ. ಜೊತೆಗೆ ಡಿಗ್ರಿ ಮುಗಿದ ಮೇಲೆ ಸಂಬಳ ಬರೋ ಕೆಲಸ ಮೊದಲು ಸಿಗೋದೂ ಇದರಲ್ಲೇ, ಇಲ್ಲಾ ಬೆಳಕಿನಲ್ಲಿ. ನಿರ್ದೇಶನಕ್ಕೆ ಕರೆ ಬರೋಕೆ ಟೈಮ್ ಹಿಡಿಯತ್ತೆ.

ಅರ್ಜಿ ಹಾಕಿದ್ಮೇಲೆ ಸೆಲೆಕ್ಷನ್ ಹೇಗಿರತ್ತೆ ಅಂತ ಭಯ ಎಲ್ಲರಿಗೂ ಇದ್ದಿದ್ದೇ. ಸಾಮಾನ್ಯವಾಗಿ ಒಂದು ನಾಟಕ ಆರಿಸಿ ಅದನ್ನ ನೀವು ಹೇಗೆ ಮಾಡಿಸ್ತೀರಿ ಅಂತ ಬರೆಯೋಕೆ ಹೇಳ್ತಾರೆ, ಸಂದರ್ಶನ ಇರತ್ತೆ, ಕೆಲವು ಕಡೆ ಇಬ್ಬರು ನಟರನ್ನ ಕೊಟ್ಟು ಒಂದು ಸಣ್ಣ ದೃಶ್ಯ ಮಾಡ್ಸಿ ಅಂತಾರೆ. ಉದಾಹರಣೆಗೆ ದೃಶ್ಯ ಹೀಗಿದೆ ಅಂದ್ಕೊಳ್ಳಿ, ಅಣ್ಣ ತಂಗಿ, ಅಪ್ಪ ಇಲ್ದಿರೋ ಮನೆ ಮಾರೋ ವಿಷಯ, ಒಂದೂವರೆ ಪುಟ ಮಾತು. ಒಬ್ಬ ಅಭ್ಯರ್ಥಿ ಶುರುವಿಂದ ಕೊನೇತನಕ ಈ ಮಾತು ಜೋರಾಗಿ ಹೇಳಿ, ಇಲ್ಲಿ ಅಳಿ, ಇಲ್ಲಿ ತಿರುಗಿ ಅಂತ ತಾನೇ ಹೇಳಿ ತೋರಿಸ್ತಾನೆ, ನಟರು ಅವನ ನಕಲು ಮಾಡ್ತಾರೆ. ಇನ್ನೊಬ್ಬಳು ಬಂದು ಅಣ್ಣನಿಗೆ ಒಂದೇ ಕೆಲಸ ಕೊಡ್ತಾಳೆ, ಮಾತಾಡ್ತಾ ಅಪ್ಪನ ಬಟ್ಟೆಗಳನ್ನ ಮಡಚಿ ಪೆಟ್ಟಿಗೆಗೆ ಹಾಕ್ತಾ ಇರು ಅಂತ, ತಂಗಿಗೆ ಕಿವಿಯಲ್ಲಿ ಹೇಳ್ತಾಳೆ, ಅವನು ನಿನ್ನ ಮುಖ ನೋಡೋ ಹಾಗೆ ಮಾಡು ಅಂತ. ಮಾತು ಅದೇ, ಆದ್ರೆ ಈಗ ಅವಳು ಅಂಗಿಯ ಒಂದು ತೋಳು ಹಿಡಿದು ಬಿಡಲ್ಲ, ಅಣ್ಣನ ಮಡಚೋ ಕೈ ನಿಂತುಹೋಗತ್ತೆ, ದೃಶ್ಯ ತಾನಾಗೇ ಬಿಸಿಯಾಗತ್ತೆ. ಆಯ್ಕೆ ಮಾಡೋರು ಹುಡುಕೋದು ಈ ಎರಡನೇದನ್ನ. ಹಾಗಾಗಿ ತಯಾರಿ ಅಂದ್ರೆ ಸಿದ್ಧಾಂತದ ಪುಸ್ತಕ ಬಾಯಿಪಾಠ ಮಾಡೋದಲ್ಲ, ಗೆಳೆಯರಿಬ್ಬರನ್ನ ಹಿಡ್ಕೊಂಡು ಚಿಕ್ಕ ಚಿಕ್ಕ ದೃಶ್ಯ ಮಾಡಿಸಿ, ಒಂದೇ ದೃಶ್ಯಕ್ಕೆ ಮೂರು ಬೇರೆ ಬೇರೆ ಕೆಲಸ ಕೊಟ್ಟು ಏನಾಗತ್ತೆ ನೋಡಿ. ನಾಟಕದ ಬಗ್ಗೆ ಬರೆಯುವಾಗಲೂ ಇದು ಮನುಷ್ಯನ ಒಂಟಿತನದ ಬಗ್ಗೆ ಅಂತೆಲ್ಲ ಬರೀಬೇಡಿ, ಮೊದಲ ದೃಶ್ಯ ತೆರೆದಾಗ ಪ್ರೇಕ್ಷಕರಿಗೆ ಏನು ಕಾಣತ್ತೆ, ಏನು ಕೇಳಿಸತ್ತೆ ಅಂತ ಬರೀರಿ.

ದುಡ್ಡಿನ ಮಾತು. ನಿರ್ದೇಶಕರಿಗೆ ಹಣ ಬರೋದು ಬಹುತೇಕ ನಾಟಕಕ್ಕೆ ಇಷ್ಟು ಅಂತ, ತಿಂಗಳ ಸಂಬಳ ಅಪರೂಪ, ಎರಡು ನಾಟಕದ ಮಧ್ಯೆ ಖಾಲಿ ತಿಂಗಳುಗಳು ಇರ್ತಾವೆ. ಇದನ್ನ ಇಟ್ಕೊಂಡು ದೊಡ್ಡ ಸಾಲ ಮಾಡಿ ದೊಡ್ಡ ಹೆಸರಿನ ಕಾಲೇಜಿಗೆ ಹೋಗೋದನ್ನ ನಾನು ಯಾರಿಗೂ ಹೇಳಲ್ಲ, ಸಾಲದ ಕಂತು ಕಟ್ಟೋಕೆ ಬೇರೆ ಕೆಲಸ ಹಿಡಿದ್ರೆ ನಾಟಕಕ್ಕೆ ಉಳಿಯೋ ಸಂಜೆನೂ ಹೋಗಿಬಿಡತ್ತೆ. ಫೀಸ್ ಕಡಿಮೆ ಇರೋ, ಸ್ಟೈಪೆಂಡ್ ಕೊಡೋ ಕಡೆ ಮೊದಲು ಹುಡುಕಿ. ದುಬಾರಿ ಅಂತ ನೋಡ್ದೇನೂ ಬಿಡ್ಬೇಡಿ, ಯೇಲ್‌ನ ಡ್ರಾಮಾ ಸ್ಕೂಲ್ 2021ರಲ್ಲಿ ದೊಡ್ಡ ದೇಣಿಗೆ ಬಂದಿದ್ದಕ್ಕೆ ತನ್ನ ಡಿಗ್ರಿ ಮತ್ತೆ ಸರ್ಟಿಫಿಕೇಟ್ ವಿದ್ಯಾರ್ಥಿಗಳಿಗೆಲ್ಲ ಬೋಧನಾ ಶುಲ್ಕ ತೆಗೆದೇ ಹಾಕ್ತು. ಪಾಠ ಮಾಡೋ ಆಸೆ ಇರೋರಿಗೆ ಮಾತ್ರ ಡಿಗ್ರಿ ಹೆಸರು ನಿಜಕ್ಕೂ ಮುಖ್ಯ, ಅಮೆರಿಕದಲ್ಲಿ ಎಂಎಫ್‌ಎಯನ್ನ ಈ ಕ್ಷೇತ್ರದ ಕೊನೇ ಮಟ್ಟದ ಡಿಗ್ರಿ ಅಂತ ಒಪ್ಪಿ ಕೆಲಸ ಕೊಡ್ತಾರೆ, ಬೇರೆ ಎಷ್ಟೋ ಕಡೆ ಎಂಎ, ಪಿಎಚ್‌ಡಿ ಕೇಳ್ತಾರೆ, ಡಿಪ್ಲೊಮಾಗೆ ಡಿಗ್ರಿ ಸಮಾನ ಮಾನ್ಯತೆ ಇದೆಯಾ ಅನ್ನೋದನ್ನ ಸೇರೋಕೆ ಮುಂಚೆನೇ ಲಿಖಿತವಾಗಿ ಕೇಳಿ ತಿಳ್ಕೊಳ್ಳಿ.

ಎರಡು ಕಡೆ ಸೀಟ್ ಸಿಕ್ಕಿ ಯಾವುದು ಅಂತ ಗೊತ್ತಾಗ್ತಿಲ್ಲ ಅಂದ್ರೆ, ಎರಡೂ ಕಡೆ ಬರೆದು ಕೇಳಿ, ನಿಮ್ಮಲ್ಲಿ ಈಗ ನಡೀತಿರೋ ಯಾವುದಾದ್ರೂ ವಿದ್ಯಾರ್ಥಿ ನಾಟಕದ ಟೆಕ್ನಿಕಲ್ ರಿಹರ್ಸಲ್ ದಿನ ಹಿಂದಿನ ಸಾಲಲ್ಲಿ ಕೂತ್ಕೊಂಡು ನೋಡ್ಬಹುದಾ ಅಂತ. ಪ್ರದರ್ಶನದ ದಿನ ಎಲ್ಲರೂ ಚೆನ್ನಾಗಿರ್ತಾರೆ, ಟೆಕ್ನಿಕಲ್ ದಿನ ಹಾಗಲ್ಲ, ಲೈಟು ಸೌಂಡು ಮೊದಲ ಸಲ ನಟರ ಜೊತೆ ಸೇರೋ ದಿನ ಅದು, ಎಲ್ಲಾ ಕೆಟ್ಟು ನಿಂತಿರತ್ತೆ, ಎಲ್ಲರಿಗೂ ಸುಸ್ತಾಗಿರತ್ತೆ. ಆ ಹೊತ್ತಲ್ಲಿ ವಿದ್ಯಾರ್ಥಿ ನಿರ್ದೇಶಕಿ ಗೊಂದಲದಲ್ಲಿದ್ದಾಗ ಮೇಷ್ಟ್ರು ಮೈಕ್ ಕಿತ್ಕೊಂಡು ತಾವೇ ಸರಿ ಮಾಡ್ತಾರಾ, ಇಲ್ಲಾ ಪಕ್ಕದಲ್ಲಿ ಬಂದು ಕೂತು "ನಿಂಗೀಗ ಏನು ಕಾಣ್ತಿದೆ, ಏನು ಬೇಕಾಗಿತ್ತು" ಅಂತ ಕೇಳ್ತಾರಾ ನೋಡಿ. ಎರಡನೇದು ಕಂಡ ಕಡೆ ಸೇರ್ಕೊಳ್ಳಿ.